ಕೋರಾ ಬಟ್ಟೆಯ ಟೆಂಟು

ನಮ್ಮ ಕಡೆ ಕೆಲವು ಮಾತುಗಳನ್ನು ಬಾಯಿಬಿಟ್ಟು ಆಡುವುದಿಲ್ಲ. ಅಕ್ಕಿ ಮುಗಿದರೆ ಅಕ್ಕಿ ತುಂಬಿದೆ ಎನ್ನುತ್ತೇವೆ. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಸಂಜೆಯಾದ ಮೇಲೆ ಹಾವು ನಮ್ಮ ಬಾಯಲ್ಲಿ ಹುಳವಾಗುತ್ತದೆ. ಮನೆಯಿಂದ ಹೊರಡುವವರು ಹೋಗುತ್ತೇನೆ ಅಂದರೆ ಮುಗಿಯಿತು, ಬರುತ್ತೇನೆ ಎಂದು ತಿದ್ದಿಸಿಯೇ ಹೊಸಲು ದಾಟಿಸುತ್ತೇವೆ. ಕೆಟ್ಟದ್ದನ್ನು ಹೆಸರಿಟ್ಟು ಕರೆದರೆ ತಲೆಯ ಮೇಲೆ ಓಡಾಡುವ ಅಸ್ತುದೇವತೆಗಳು ‘ಅಸ್ತು’ ಅಂದುಬಿಡುತ್ತಾರೆ, ಹಾಗೇ ಆಗಿಬಿಡುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಖಾಲಿ ಅಕ್ಕಿ ಡಬ್ಬದ ಮುಂದೆ ನಿಂತು ಅಕ್ಕಿ ಮುಗಿಯಿತು ಎನ್ನಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ, ರಾಜಾಜಿನಗರದಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆಗೆ, ಈ ಯಾವ ಕಟ್ಟನ್ನೂ ಪಾಲಿಸದ ಮನುಷ್ಯರೊಬ್ಬರು ಬಾಡಿಗೆಗೆ ಬಂದರು. ಕಳೆದ ತಿಂಗಳು ಅವರು ತೀರಿಕೊಂಡರು. ಹೀಗೆ ಬರೆದದ್ದನ್ನು ಅವರು ನೋಡಿದ್ದರೆ ‘ಸತ್ತರು ಅಂತ ಬರೀರಿ ಅಕ್ಕ’ ಎನ್ನುತ್ತಿದ್ದರು. ಅವರನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಅವರು ನನ್ನ ಎದೆ ಝಲ್ಲೆನ್ನಿಸಿದ್ದಕ್ಕೆ ಲೆಕ್ಕವಿಲ್ಲ. ಕೊನೆಯ ಸಲದ್ದನ್ನು ಮಗಳ ಕೈಲಿ ಮಾಡಿಸಿದರು.

ದಾವಣಗೆರೆ ಕಡೆಯ ಲಿಂಗಾಯತರು. ಹಣೆಯ ಮೇಲೆ ವಿಭೂತಿ, ತುಂಬು ತೋಳಿನ ಬಿಳಿ ಶರಟು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ನೋಡಿದರೆ ಎಷ್ಟು ಸಂಭಾವಿತರಪ್ಪ ಅನ್ನಿಸಬೇಕು, ಬಾಯಿ ತೆರೆಯುವ ತನಕ. ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸ. ತಯಾರಾಗಿ ಬಂದ ಬಿಡಿಭಾಗಗಳಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ಮುರಿಯಬಹುದು ಎಂದು ಹುಡುಕುವ ವಿಭಾಗ. ಬೆಳಿಗ್ಗೆ ಸೈರನ್ನು ಕೂಗುವ ಮುಂಚೆ ಸೈಕಲ್ ಹತ್ತಿ, ಬಾಗಿಲಲ್ಲಿ ನಿಂತ ಹೆಂಡತಿಗೆ “ಹೋಗ್ತೀನಿ” ಎನ್ನುತ್ತಿದ್ದರು. ಮೊದಲ ದಿನ ಅದನ್ನು ಕೇಳಿ ರಂಗೋಲಿ ಹಾಕುತ್ತಿದ್ದ ನನ್ನ ಅತ್ತೆಯ ಕೈ ಅಲ್ಲೇ ನಿಂತುಹೋಯಿತು. ಬರ್ತೀನಿ ಅನ್ನಬಾರದೇನಪ್ಪಾ ಎಂದು ಅತ್ತೆ ಕೇಳಿದ್ದಕ್ಕೆ ಅವರು ಸೈಕಲ್ ನಿಲ್ಲಿಸಿ, ಈಗ ಹೋಗ್ತಾ ಇರೋದಲ್ವಾ ಅಮ್ಮ, ಬರೋದು ಸಂಜೆಗೆ ಎಂದು ವಿನಯವಾಗಿಯೇ ಹೇಳಿ ಹೋದರು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಅವಳು ನನ್ನ ಗೆಳತಿ. ತುಮಕೂರಿನ ಹುಡುಗಿ, ಗಂಡ ಎಷ್ಟು ಮೌನವೋ ಅಷ್ಟು ಮಾತುಗಾತಿ. ಮಗಳು ಗೌರಿಗೆ ನಾಲ್ಕು ತುಂಬುವ ಹೊತ್ತಿಗೆ ಎರಡನೇ ಹೆರಿಗೆಗೆ ಆಸ್ಪತ್ರೆಗೆ ಹೋದವಳು ವಾಪಸ್ಸು ಬರಲಿಲ್ಲ. ಕೂಸೂ ಉಳಿಯಲಿಲ್ಲ. ಆ ದಿನ ಮಧ್ಯಾಹ್ನ ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದ ಗಂಡ ಮನೆಯಲ್ಲಿ ಸ್ನಾನ ಮಾಡುತ್ತಿದ್ದಾಗ ಸುದ್ದಿ ಬಂತು. ತಲೆಯ ಮೇಲಿನ ನೀರು ಒರೆಸಿಕೊಳ್ಳದೆ ಸೈಕಲ್ ಹತ್ತಿದ ಅವರ ಬೆನ್ನು ನನಗೆ ಇನ್ನೂ ಕಾಣುತ್ತದೆ.

ಮಗುವಿಗೆ ಹೇಗೆ ಹೇಳುವುದು? ನಾವು ಹೆಂಗಸರೆಲ್ಲ ಸೇರಿ ಅಮ್ಮ ಊರಿಗೆ ಹೋಗಿದಾಳೆ ಅಂದೆವು. ಎಲ್ಲರೂ ಹೇಳುವುದೇ ಅದು. ಗೌರಿ ಅಂದಿನಿಂದ ಸಂಜೆಯಾದರೆ ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ಕೂರತೊಡಗಿದಳು. ಅಮ್ಮ ಬಸ್ಸಿಳಿದರೆ ಓಡಿಹೋಗಿ ಚೀಲ ಹಿಡಿದುಕೊಳ್ಳಬೇಕಲ್ಲ, ಅದಕ್ಕೆ. ಒಂದು ವಾರ ಅವಳಪ್ಪ ಅದನ್ನು ನೋಡಿದರು. ಒಂದು ಸಂಜೆ ಪಕ್ಕದಲ್ಲಿ ನೆಲದ ಮೇಲೆ ಕೂತು, ನಮ್ಮೆಲ್ಲರ ಎದುರಿಗೇ, ಆ ಮಗುವಿಗೆ ಹೇಳಿಬಿಟ್ಟರು.

“ಅಮ್ಮ ಊರಿಗೆ ಹೋಗಿಲ್ಲ ಗೌರಿ. ಅಮ್ಮ ಸತ್ತುಹೋದಳು. ಇನ್ನು ಬರಲ್ಲ. ಚಪ್ಪಲಿ ಬಿಚ್ಚು.”

ನನ್ನ ಕೈಲಿದ್ದ ಮೊರ ಕೆಳಗೆ ಬಿತ್ತು. ಎಂಥ ಕಲ್ಲು ಮನುಷ್ಯ ಇವನು ಎಂದು ನಾನು ಜೋರಾಗಿಯೇ ಅಂದೆ. ಶಿವನ ಪಾದ ಸೇರಿದಳು ಎನ್ನಬಹುದಿತ್ತು, ದೇವರ ಹತ್ತಿರ ಹೋದಳು ಎನ್ನಬಹುದಿತ್ತು. ಸತ್ತುಹೋದಳಂತೆ! ಮಗು ಅಳಲೂ ಇಲ್ಲ. ಚಪ್ಪಲಿ ಬಿಚ್ಚಿ ಒಳಗಿಟ್ಟು ಬಂದು ಅಪ್ಪನ ತೊಡೆಯ ಮೇಲೆ ಕೂತಳು. ಆಮೇಲೆ ಗೇಟಿನ ಹತ್ತಿರ ಕೂರಲಿಲ್ಲ, ನಿಜ. ಆದರೆ ನನ್ನ ಸಿಟ್ಟು ಇಳಿಯಲು ತಿಂಗಳೇ ಹಿಡಿಯಿತು.

ತುಮಕೂರಿನಿಂದ ಗೌರಿಯ ಅಜ್ಜಿ ಬಂದರು. ಮಗಳನ್ನು ಕಳೆದುಕೊಂಡ ತಾಯಿ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಮಣ್ಣು ಮಾಡಿದ ದಿನದಿಂದಲೂ ಹಾಗೇ, ಕಲ್ಲು ಕಡೆದಂತೆ ಕೂತಿರುತ್ತಿದ್ದರು. ಗಂಡಸು ಹೆಣ್ಣುಮಗು ಸಾಕುವುದುಂಟೆ, ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಅಂದರು. ನಮ್ಮ ಬೀದಿಯೂ ಅದೇ ಸರಿ ಅಂದಿತು. ಇವರು ಮಾತ್ರ ತಮ್ಮ ಅತ್ತೆಯ ಮುಂದೆ ಕೈಕಟ್ಟಿ ನಿಂತು, ನನ್ನ ಕೈಲಿ ಆಗಲ್ಲ ಅಂತ ನನಗೆ ಗೊತ್ತಾದ ದಿನ ಅವಳ ಪೆಟ್ಟಿಗೆ ನಾನೇ ತಂದು ನಿಮ್ಮ ಕೈಲಿ ಕೊಡ್ತೀನಿ ಎಂದರು. ಅವರ ಬಾಯಿಂದ ಬಂದರೆ ಅದು ಆದಂತೆಯೇ. ‘ನೋಡೋಣ’ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿಯೇ ಇಲ್ಲ. ನೋಡೋಣ ಅನ್ನುವುದು ಸುಳ್ಳಿನ ತಮ್ಮ ಎನ್ನುತ್ತಿದ್ದರು. ಒಂದೋ ಆಗುತ್ತೆ, ಇಲ್ಲವೇ ಆಗಲ್ಲ.

ಈ ನೋಡೋಣ ಅನ್ನದ ಗುಣವೇ ಟೆಂಟಿಗೂ ಕಾರಣ. ಕಾರ್ಖಾನೆಯಿಂದ ಯಾವುದೋ ಹಳೆಯ ವಿದೇಶಿ ಪತ್ರಿಕೆ ತಂದಿದ್ದರು. ಅದರಲ್ಲಿ ಬಿಳಿಯರ ಕುಟುಂಬವೊಂದು ಕಾಡಿನಲ್ಲಿ ಟೆಂಟು ಹಾಕಿಕೊಂಡು ಕೂತ ಬಣ್ಣದ ಚಿತ್ರ. ಗೌರಿ ಅದರ ಮೇಲೆ ಬೆರಳಿಟ್ಟು, ನಂಗೆ ಈ ಮನೆ ಬೇಕು ಅಂದಳಂತೆ. ಬೇರೆ ಯಾವ ಅಪ್ಪನಾದರೂ ಆಯ್ತು ಪುಟ್ಟಿ ನೋಡೋಣ ಎಂದು ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕುತ್ತಿದ್ದ. ಇವರು ಆಗುತ್ತೆ ಅಂದರು. ಮೇ ತಿಂಗಳ ರಜೆಯಲ್ಲಿ ಹೋಗಿ ಒಂದು ರಾತ್ರಿ ಮಲಗಿ ಬರೋದು ಅಂದರು.

ಮಾರನೆಯ ಭಾನುವಾರ ಸೈಕಲ್ ಕ್ಯಾರಿಯರ್ ಮೇಲೆ ಒಂದು ದೊಡ್ಡ ಕೋರಾ ಬಟ್ಟೆಯ ಸುರುಳಿ ಕಟ್ಟಿಕೊಂಡು ಬಂದರು. ನನ್ನ ಅತ್ತೆ ನೋಡಿ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಸಿದರು. ಹೆಂಡತಿ ಹೋಗಿ ಆರು ತಿಂಗಳಾಗಿಲ್ಲ, ಒಗೆಯದ ಬಿಳಿ ಬಟ್ಟೆಯನ್ನು ಗಜಗಟ್ಟಲೆ ಮನೆಗೆ ತರುವುದು ಯಾವುದಕ್ಕೆ? ನಮಗೆಲ್ಲ ಗೊತ್ತಿರುವುದು ಒಂದೇ ಕಾರಣ. ಅವರು ಮಗುವನ್ನೂ ತಮ್ಮನ್ನೂ ಏನು ಮಾಡಿಕೊಳ್ಳಲು ಹೊರಟಿದ್ದಾರೋ ಎಂದು ಹೆದರಿದೆ. ಒಳಗೆ ನುಗ್ಗಿ ಕೇಳಿದೆ. ಟೆಂಟು ಹೊಲಿಯೋಕೆ ಅಕ್ಕ ಎಂದರು, ಕತ್ತರಿ ಹುಡುಕುತ್ತಾ.

ಆಮೇಲೆ ನಮ್ಮ ಬೀದಿಗೆ ಅದೇ ಸಿನಿಮಾ. ಹೆಂಡತಿಯ ಹೊಲಿಗೆ ಮಷೀನನ್ನು ವರಾಂಡಕ್ಕೆ ಎಳೆದು, ತುಂಬು ತೋಳಿನ ಶರಟು ಮಡಿಸಿ, ಕಾಲಲ್ಲಿ ತುಳಿಯುತ್ತಾ ಗಂಡಸು ಹೊಲಿಯುತ್ತಿದ್ದರೆ ಹಾಲಿನ ಬೂತಿಗೆ ಹೋಗುವವರೆಲ್ಲ ಬಾಟಲು ಹಿಡಿದು ನಿಂತುಬಿಡುತ್ತಿದ್ದರು. ಮಳೆ ನೀರು ಇಳಿಯದಿರಲೆಂದು ಮೇಣದಬತ್ತಿ ಕರಗಿಸಿ ಇಡೀ ಬಟ್ಟೆಗೆ ಬಳಿದರು. ಗೌರಿಗೂ ಒಂದು ತುಂಡು ಮೇಣ, ಒಂದು ಮೂಲೆ. ಆ ಮೂಲೆ ಅವಳದೇ, ಇನ್ನೊಬ್ಬರು ಮುಟ್ಟಬಾರದು. ಇಷ್ಟೆಲ್ಲ ಯಾಕೆ, ಒಂದು ಬೊಂಬೆ ತಂದುಕೊಟ್ಟರೆ ಮಗು ಮರೆಯುತ್ತದೆ ಎಂದು ನಾನಂದೆ. ಅವರು ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು, ಈ ಮನೆಯಲ್ಲಿ ಎಲ್ಲ ಡಬ್ಬಾನೂ ಅವಳಮ್ಮ ಇಟ್ಟಲ್ಲೇ ಇದೆ, ಯಾವುದು ತೆಗೆದರೂ ಅವಳೇ ಸಿಗ್ತಾಳೆ; ಒಂದು ದಿನವಾದರೂ ನಾವಿಬ್ಬರೇ ಇಟ್ಟ ಸಾಮಾನು ಇರೋ ಜಾಗದಲ್ಲಿ ಇದ್ದು ನೋಡಬೇಕು. ನಾನು ಹುರಿಹಿಟ್ಟು, ಚಟ್ನಿಪುಡಿ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡು ಬಂದೆ.

ಹೋಗುವುದು ಎಲ್ಲಿಗೆ ಎಂಬುದನ್ನೂ ನಾವೇ ಗೊತ್ತುಮಾಡಿದೆವು. ಕೆಂಗೇರಿ ಆಚೆ ನನ್ನ ಅತ್ತೆಯ ತಮ್ಮನ ಮಾವಿನ ತೋಪಿತ್ತು, ಪಕ್ಕದಲ್ಲೇ ರಸ್ತೆ, ಬಾವಿ. ಅಷ್ಟಾದ ಮೇಲೆ ಶುರುವಾಯಿತು ನೋಡಿ ಅವರ ತಯಾರಿ. ಗೌರಿ ಮಲಗುವ ಚಾಪೆಯ ಕೆಳಗೆ ಜಲ್ಲಿ ಹರಡಿದರು, ಅಲ್ಲಿ ನೆಲ ಹೀಗೇ ಇರುತ್ತೆ ಎಂದು. ದಾಸವಾಳದ ಗಿಡದ ಹಿಂದೆ ಚೆಂಬು ಹಿಡಿದು ಹೇಗೆ ಕೂರಬೇಕು ಎಂದು ಹೇಳಿಕೊಟ್ಟರು. ಎದುರು ಮನೆಯವರು ಮುಖ ತಿರುಗಿಸಿಕೊಂಡರು. ದೀಪ ಹಚ್ಚುವ ಹೊತ್ತಿನಲ್ಲಿ ಹಾವು ಬಂದರೆ ಏನು ಮಾಡ್ತೀಯ ಎಂದು ಕೇಳುವರು, ಅದೂ ಹಾವು ಎಂದೇ. ಅತ್ತೆ ಈಚೆಯಿಂದ ಹುಳ ಅನ್ನಪ್ಪಾ, ಹುಳ ಅನ್ನು ಎಂದು ಗೋಗರೆಯುವರು. ಹುಳ ಅಂದ್ರೆ ಅವಳು ಇರುವೆ ಅನ್ಕೊಂಡು ಹಿಡೀತಾಳಲ್ಲ ಅಮ್ಮ ಎಂದು ಆ ಕಡೆಯಿಂದ ಉತ್ತರ.

ಎಲ್ಲಕ್ಕಿಂತ ಬೆಂಕಿಯದು ಅತಿಯಾಯಿತು. ಹೊಲಿದು ಮುಗಿದಷ್ಟು ಬಟ್ಟೆಯನ್ನು ಎರಡು ಬೊಂಬಿಗೆ ಕಟ್ಟಿ ಕಾಂಪೌಂಡಿನಲ್ಲಿ ನಿಲ್ಲಿಸಿ, ಮಗುವನ್ನು ಒಳಗೆ ಮಲಗಿಸಿ, ಹೊರಗೆ ನಿಂತು “ಬೆಂಕಿ!” ಎಂದು ಕೂಗಿದರು. ಮೊದಲನೇ ಸಲ ಇಡೀ ಬೀದಿ ಬಕೆಟ್ಟು ಹಿಡಿದು ಓಡಿಬಂತು. ನೋಡಿದರೆ ಟೆಂಟಿನ ಹಿಂದಿನ ಅಂಚಿನ ಕೆಳಗಿಂದ ಗೌರಿ ಕಣ್ಣು ಮುಚ್ಚಿಕೊಂಡು ಹೊಟ್ಟೆಯ ಮೇಲೆ ತೆವಳಿಕೊಂಡು ಬರುತ್ತಿದ್ದಾಳೆ, ಅಪ್ಪ ಶಭಾಷ್ ಎನ್ನುತ್ತಿದ್ದಾರೆ. ಹಿಂದಿನ ಅಂಚಿಗೆ ಬೇಕೆಂದೇ ಗೂಟ ಹೊಡೆದಿರಲಿಲ್ಲ. ಇರುವ ಮನೆಯ ಮುಂದೆ ನಿಂತು ಬೆಂಕಿ ಎಂದು ಕೂಗುವ ಗೃಹಸ್ಥನನ್ನು ನಾವು ಯಾರೂ ಕಂಡಿರಲಿಲ್ಲ. ನಮ್ಮ ಮನೆಯವರು ಹೋಗಿ ಬುದ್ಧಿ ಹೇಳಿ ಬಂದರು. ಏನೂ ಪ್ರಯೋಜನವಾಗಲಿಲ್ಲ. ದಿನಾ ಸಂಜೆ ಬೆಂಕಿ ಬೆಂಕಿ. ಬರಬರುತ್ತಾ ಆ ಕೂಗು ಕೇಳಿದರೆ ಯಾರೂ ತಲೆ ಎತ್ತದಂತಾಯಿತು.

ಒಂದು ದಿನ ಚಟ್ನಿಪುಡಿ ಕೊಡಲು ಹೋದಾಗ ಅವರು ಟೆಂಟಿನಲ್ಲಿ ಕಣ್ಣುಮುಚ್ಚಿ ಅಂಗಾತ ಮಲಗಿದ್ದರು, ಪಕ್ಕದಲ್ಲಿ ಮಗು ಕೂತಿತ್ತು. “ಬೆಳಿಗ್ಗೆ ಅಪ್ಪ ಏಳಲಿಲ್ಲ ಅಂದ್ರೆ ಏನು ಮಾಡ್ತೀಯ?” ಎಂದು ಕೇಳುತ್ತಿದ್ದರು. ನಾನು ಉತ್ತರಕ್ಕೆ ನಿಲ್ಲಲಿಲ್ಲ. ಡಬ್ಬ ಅಲ್ಲೇ ಕುಕ್ಕಿ, ಅವರನ್ನು ಹೊರಗೆ ಕರೆದು ಬಾಯಿಗೆ ಬಂದದ್ದು ಅಂದುಬಿಟ್ಟೆ. ತಾಯಿ ಇಲ್ಲದ ಮಗುವಿಗೆ ಕೇಳುವ ಪ್ರಶ್ನೆಯೇ ಇದು? ನಿಮಗೆ ಕರುಳು ಅನ್ನೋದು ಇದೆಯಾ? ನಾಲಿಗೆಯ ಮೇಲೆ ಶನಿಯನ್ನು ಕೂರಿಸಿಕೊಂಡು ಯಾಕೆ ತಿರುಗುತ್ತೀರಿ?

ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆತ್ತಗೆ ಹೇಳಿದರು.

“ಆಸ್ಪತ್ರೆಯಲ್ಲಿ ಎಲ್ಲರೂ ಏನೂ ಆಗಲ್ಲ ಅಂದ್ರು ಅಕ್ಕ. ಡಾಕ್ಟ್ರು, ನರ್ಸು, ಆಯಾ, ಎಲ್ಲರೂ. ಆಗಬಹುದು ಅಂತ ಒಬ್ಬರು ಹೇಳಿದ್ರೂ ನಾನು ಸ್ನಾನಕ್ಕೆ ಮನೆಗೆ ಬರ್ತಿರಲಿಲ್ಲ. ಅವಳು ಒಬ್ಬಳೇ ಸತ್ತಳು.”

ನಾನು ಮನೆಗೆ ಬಂದು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಮೇ ತಿಂಗಳ ಮೂರನೇ ಭಾನುವಾರ ಟೆಂಟು ಪೂರ್ತಿಯಾಯಿತು. ಕಾಂಪೌಂಡಿನಲ್ಲಿ ಎತ್ತಿ ನಿಲ್ಲಿಸಿ, ಹಗ್ಗ ಬಿಗಿದು, ನಾಳೆ ಬಿಚ್ಚಿ ಕೆಂಗೇರಿಗೆ ಹೊರಡುವುದು ಎಂದಿತ್ತು. ಅಷ್ಟರಲ್ಲಿ ನನ್ನ ಅತ್ತೆ ಒಂದು ತಕರಾರು ತೆಗೆದರು. ಬಟ್ಟೆಯದಾದರೇನು, ಮಗು ಮಲಗುವ ಹೊಸ ಸೂರು. ಹಾಲು ಉಕ್ಕಿಸದೆ ಹೊಸ ಸೂರಿನ ಕೆಳಗೆ ಮಲಗುವುದುಂಟೆ? ಅದೂ ಆ ಬಾಯಲ್ಲಿ ಇಷ್ಟು ದಿನ ಬಂದ ಬೆಂಕಿ, ಹಾವು, ಸಾವಿಗೆಲ್ಲ ಏನಾದರೂ ಪರಿಹಾರ ಬೇಡವೆ? ಅವರು ಸ್ಟೋವ್ ಒಳಗೆ ಬೇಡ ಅಮ್ಮ, ಹೊರಗೆ ಉಕ್ಕಿಸಿ ಎಂದು ಒಂದು ಸಲ ಹೇಳಿದರು. ಹೊರಗೆ ಉಕ್ಕಿಸಿದರೆ ಅದು ಗೃಹಪ್ರವೇಶ ಹೇಗಾಗುತ್ತೆ ಎಂದು ಅತ್ತೆಯ ಮುಖ ಸಣ್ಣದಾಯಿತು. ಆರು ತಿಂಗಳು ಅವರ ಮಗುವಿಗೆ ಬಾಚಿ ಜಡೆ ಹಾಕಿದವರು ನನ್ನ ಅತ್ತೆ. ಯಾರಿಗೂ ಬಗ್ಗದ ಆ ಮನುಷ್ಯ ಆ ಸಣ್ಣ ಮುಖಕ್ಕೆ ಬಗ್ಗಿದರು. ಆಗಲಿ ಅಂದರು.

ಪೂರ್ವಕ್ಕಿದ್ದ ಬಾಗಿಲ ಒಳಗೇ ಸಗಣಿ ಸಾರಿಸಿ, ಎಳೆ ರಂಗೋಲಿ ಹಾಕಿ, ಅದರ ಮೇಲೆ ನಮ್ಮ ಮನೆಯ ಪಂಪ್ ಸ್ಟೋವ್ ಇಟ್ಟೆವು. ಹಾಲಿನ ಪಾತ್ರೆಗೆ ಅರಿಶಿನದ ಕೊಂಬು ಕಟ್ಟಿತ್ತು. ಅತ್ತೆಯೂ ಗೌರಿಯೂ ಸ್ಟೋವಿನ ಆಚೆ, ಒಳಗಡೆ ಕೂತಿದ್ದರು. ನಾನು ಬಾಗಿಲಲ್ಲಿ ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆ, ಅವರು ಹಿಂದೆ ಎಲ್ಲೋ ಹಗ್ಗ ಬಿಗಿಯುತ್ತಿದ್ದರು. ತುಮಕೂರಿನ ಅಜ್ಜಿ ಮೊಮ್ಮಗಳನ್ನು ಕರೆದೊಯ್ಯಲು ಅವತ್ತೇ ಬರಬೇಕೆ! ಆಟೋ ಇಳಿದು ಅವರು ಗೇಟಿಗೆ ಕೈ ಹಾಕಿದ್ದನ್ನು ನಾನು ನೋಡಿದೆ. ಆ ಕ್ಷಣದಲ್ಲಿ ಅತ್ತೆ ಸ್ಟೋವಿಗೆ ಪಂಪು ಹೊಡೆದರು. ಅದಿನ್ನೂ ಸರಿಯಾಗಿ ಕಾದಿರಲಿಲ್ಲ. ಭಗ್ಗೆಂದು ಆಳುದ್ದ ಉರಿ ಎದ್ದಿತು.

ಇಡೀ ಬಟ್ಟೆಗೆ ಬಳಿದದ್ದು ಮೇಣ. ಕಣ್ಣು ಮಿಟುಕಿಸುವುದರಲ್ಲಿ ಬಾಗಿಲು ಇದ್ದ ಜಾಗದಲ್ಲಿ ಬೆಂಕಿ ಇತ್ತು. ಅತ್ತೆ ಕಾಣಲಿಲ್ಲ, ಮಗು ಕಾಣಲಿಲ್ಲ. ನಾನು ತಟ್ಟೆ ಬಿಸಾಡಿದೆ. ಹಿಂದಿನಿಂದ ಅವರ ಕೂಗು ಬಂತು, “ಬೆಂಕಿ! ಗೌರಿ, ಬೆಂಕಿ!” ಬೀದಿಯಲ್ಲಿ ಒಂದು ಬಾಗಿಲು ತೆರೆಯಲಿಲ್ಲ. ಎದುರು ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ಪುಟ ತಿರುವಿದರು. ದಿನಾ ಇದ್ದದ್ದೇ ಅಲ್ಲವೆ.

ನಾನು ಗೋಡೆ ಹಿಡಿದುಕೊಂಡು ಹಿಂದಕ್ಕೆ ಓಡಿದೆ. ಟೆಂಟಿನ ಹಿಂದಿನ ಅಂಚು ಅಲ್ಲಾಡಿತು. ಅದರಡಿಯಿಂದ ಮೊದಲು ಗೌರಿಯ ಜಡೆ ಬಂತು, ಆಮೇಲೆ ಮುಚ್ಚಿದ ಕಣ್ಣಿನ ಮುಖ. ಒಂದು ಕೈಲಿ ನೆಲ ತಡವುತ್ತಿದ್ದಾಳೆ, ಇನ್ನೊಂದು ಕೈಲಿ ನನ್ನ ಅತ್ತೆಯ ಸೆರಗು. “ಅಜ್ಜಿ, ಮಲಕ್ಕೊಳ್ಳಿ, ಹೊಟ್ಟೇಲಿ ಬನ್ನಿ” ಎಂದು ಹೇಳುತ್ತಲೇ ಇದ್ದಾಳೆ. ಅವಳಪ್ಪ ಬಟ್ಟೆಯನ್ನು ಎತ್ತಿ ಹಿಡಿದು ಇಬ್ಬರನ್ನೂ ಎಳೆದುಕೊಂಡರು. ಹಿಂದೆಯೇ ಬೊಂಬು ಮುರಿದು ಉಳಿದದ್ದೆಲ್ಲ ಕುಸಿಯಿತು. ಅತ್ತೆಯ ಮುಂಗೂದಲು ಸೀದಿತ್ತು, ಮಗುವಿನ ಮೊಣಕೈ ತರಚಿತ್ತು. ಅಷ್ಟೇ.

ತುಮಕೂರಿನ ಅಜ್ಜಿ ಗೇಟಿನ ಹತ್ತಿರ ಕಂಬದ ಹಾಗೆ ನಿಂತಿದ್ದರು. ನಮ್ಮ ಗಾಬರಿ ಇಳಿಯುವ ಮೊದಲೇ ಗೌರಿಯ ಅಪ್ಪ ಇನ್ನೊಂದು ಮಾಡಿದರು. ಮಗಳ ಮುಂದೆ ಮಂಡಿಯೂರಿ, ಮಸಿ ಹಿಡಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ತಪ್ಪು ನಂದು ಗೌರಿ, ಸ್ಟೋವ್ ಒಳಗಿಡಬಾರದು ಅಂತ ಗೊತ್ತಿದ್ದೂ ಬಿಟ್ಟೆ ಎಂದರು. ಅಪ್ಪನಾದವನು ನಾಲ್ಕು ವರ್ಷದ ಮಗುವಿನ ಮುಂದೆ ಬೀದಿ ನೋಡುವ ಹಾಗೆ ತಪ್ಪೊಪ್ಪಿಕೊಳ್ಳುವುದನ್ನು ಆ ಕಾಲದಲ್ಲಿ ಯಾರು ಕಂಡಿದ್ದರು! ಎದ್ದು ಸೀದಾ ಒಳಗೆ ಹೋದರು. ಮಗುವಿನ ತಗಡಿನ ಪೆಟ್ಟಿಗೆ ಹಿಡಿದು ಬಂದು ತುಮಕೂರಿನ ಅಜ್ಜಿಯ ಮುಂದೆ ಇಟ್ಟರು.

“ನನ್ನ ಕೈಲಿ ಆಗಲ್ಲ ಅಂತ ಇವತ್ತು ಗೊತ್ತಾಯ್ತು. ಕರ್ಕೊಂಡು ಹೋಗಿ.”

ಹೀಗೂ ಉಂಟೆ? ಬೇಡಿಕೊಳ್ಳಬಹುದಿತ್ತು, ವಾದ ಮಾಡಬಹುದಿತ್ತು, ನನ್ನ ಅತ್ತೆಯ ಮೇಲೆ ಹಾಕಿಬಿಡಬಹುದಿತ್ತು. ನನ್ನ ಅತ್ತೆಯೇ ನನ್ನಿಂದ ಆಯಿತು ತಾಯಿ, ಈ ಕೂಸು ನನ್ನ ಜೀವ ಉಳಿಸಿತು ಎಂದು ಅಳುತ್ತಿದ್ದರು. ಇವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊಟ್ಟ ಮಾತಿಗೆ ತಮ್ಮ ಕರುಳನ್ನೇ ಕಿತ್ತು ಕೊಡುತ್ತಿದ್ದರು.

ಜಗಳಕ್ಕೆಂದೇ ಸಿದ್ಧವಾಗಿ ಬಂದ ತುಮಕೂರಿನ ಅಜ್ಜಿಗೆ ಏನು ಮಾಡಬೇಕೋ ತೋಚಲಿಲ್ಲ. ಸಿಟ್ಟೆಲ್ಲ ಮಗುವಿನ ಕಡೆ ತಿರುಗಿತು. ರಟ್ಟೆ ಹಿಡಿದು ಎಳೆದು ಕೇಳಿದರು.

“ನೋಡ್ದೆಯಾ ನಿಮ್ಮಪ್ಪನ ಆಟ? ನಾಳೆ ಆ ಕಾಡಲ್ಲಿ ಇವರಿಗೇ ಏನಾದ್ರೂ ಆದ್ರೆ ಏನೇ ಮಾಡ್ತೀಯ?”

ಗೌರಿಗೆ ಅದು ಬೈಗುಳ ಅನ್ನಿಸಲಿಲ್ಲ. ದಿನಾ ಕೇಳುವ ಪ್ರಶ್ನೆ. ಕೈ ಕಟ್ಟಿ ನೆಟ್ಟಗೆ ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದಳು.

“ಅಪ್ಪ ಏಳ್ಲಿಲ್ಲ ಅಂದ್ರೆ ಮೊದ್ಲು ಅಲ್ಲಾಡಿಸ್ತೀನಿ. ಆಮೇಲೆ ಜೋರಾಗಿ ಕೂಗ್ತೀನಿ. ಮೂಗಿನ ಹತ್ರ ಕೈ ಇಟ್ಟು ನೋಡ್ತೀನಿ. ಆಗ್ಲೂ ಏಳ್ಲಿಲ್ಲ ಅಂದ್ರೆ ಚಪ್ಲಿ ಹಾಕ್ಕೊಂಡು ರೋಡಿಗೆ ಹೋಗ್ತೀನಿ. ಒಬ್ರು ಹೆಂಗಸನ್ನ ಕರೀತೀನಿ. ಅವ್ರು ಬರೋವರ್ಗೂ ಅಳಲ್ಲ. ಬಂದ್ಮೇಲೆ ಅಳ್ತೀನಿ.”

ಒಂದು ಉಸಿರು ಎಳೆದುಕೊಂಡು, “ಎಷ್ಟು ಬೇಕಾದ್ರೂ ಅಳಬಹುದಂತೆ” ಎಂದು ಸೇರಿಸಿದಳು.

ತುಮಕೂರಿನ ಅಜ್ಜಿಯ ಕೈ ಸಡಿಲವಾಯಿತು. ಆ ಪೆಟ್ಟಿಗೆಯ ಮೇಲೇ ಕೂತುಬಿಟ್ಟರು. ಆಮೇಲೆ ಅವರು ಅತ್ತದ್ದನ್ನು ನಾನು ಹೇಗೆ ಹೇಳಲಿ! ಮಗಳು ಹೋದಾಗಿನಿಂದ ಕಟ್ಟಿಕೊಂಡದ್ದೆಲ್ಲ ಒಡೆದುಬಂತು. ನನ್ನ ಸೀದ ಕೂದಲಿನ ಅತ್ತೆ ಹೋಗಿ ಅವರ ತಲೆಯನ್ನು ಎದೆಗೆ ಒತ್ತಿಕೊಂಡರು. ಬೀದಿಯವರೆಲ್ಲ ಈಗ ಬಂದು ನಿಂತಿದ್ದರು. ಬಹಳ ಹೊತ್ತಾದ ಮೇಲೆ ತುಮಕೂರಿನ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. “ಪೆಟ್ಟಿಗೆ ಒಳಗಿಡಿ ಅಳಿಯಂದ್ರೆ” ಎಂದರು. ಅಳಿಯ ಅಲ್ಲಾಡದೆ ನಿಂತಿದ್ದನ್ನು ನೋಡಿ, ಆಗಲ್ಲ ಅಂತ ಗೊತ್ತಾಗಬೇಕಾದ್ದು ನನಗೆ, ನಿಮಗಲ್ಲ, ಇಡಿ ಎಂದು ಗದರಿದರು.

ಮತ್ತೆ ಕೋರಾ ಬಟ್ಟೆ ಬಂತು, ಮತ್ತೆ ಮಷೀನು ವರಾಂಡಕ್ಕೆ ಬಂತು. ಈ ಸಲ ಮೇಣ ಬಳಿಯಲಿಲ್ಲ. ಶಾಲೆ ಶುರುವಾಗುವ ಹಿಂದಿನ ವಾರ ಅಪ್ಪ ಮಗಳು ಬೆನ್ನಿಗೊಂದು ಚೀಲ ಕಟ್ಟಿಕೊಂಡು ಕೆಂಗೇರಿ ಬಸ್ಸು ಹತ್ತಿದರು. ತುಮಕೂರಿನ ಅಜ್ಜಿಯೂ ಜೊತೆಗೆ ಹೋದರು. ಟೆಂಟಿನೊಳಗೆ ಕಾಲಿಡಲಾರೆ ಎಂದು ತೋಪಿನ ಮನೆಯಲ್ಲೇ ಮಲಗಿದರಂತೆ. ಹೊರಡುವಾಗ ಗೌರಿ ನನಗೆ ಕೈಬೀಸಿ “ಹೋಗ್ತೀನಿ ಆಂಟಿ” ಎಂದಳು. ಬರ್ತೀನಿ ಅನ್ನೇ ಎಂದು ತಿದ್ದಲು ಬಾಯಿ ತೆರೆದ ಅತ್ತೆ, ಯಾಕೋ ಸುಮ್ಮನಾದರು.

ಮಾರನೆಯ ದಿನ ಬಂದವರನ್ನು ಬೀದಿಯೆಲ್ಲ ಸುತ್ತುವರಿಯಿತು. ಮಳೆ ಬಂದಿತ್ತಂತೆ, ಟೆಂಟು ಸೋರಿತಂತೆ, ಅನ್ನ ತಳ ಹಿಡಿದಿತ್ತಂತೆ. ನಾನು ಗೌರಿಯನ್ನು ಎತ್ತಿಕೊಂಡು, ಅಲ್ಲಿ ಏನೇನು ನೋಡಿದೆ, ಏನು ಚೆನ್ನಾಗಿತ್ತು ಎಂದು ಕೇಳಿದೆ. ನವಿಲು ಅನ್ನುತ್ತಾಳೆ, ಮಾವಿನಹಣ್ಣು ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು.

“ಬೆಳಿಗ್ಗೆ ಅಪ್ಪ ಎದ್ರು.”

ಆಗ ನನಗೆ ತಿಳಿಯಿತು. ಅಮ್ಮ ಹೋದಂದಿನಿಂದ ಆ ಮಗು ಪ್ರತಿ ರಾತ್ರಿ ಏನು ಹೆದರಿಕೊಂಡು ಮಲಗುತ್ತಿತ್ತು ಎಂಬುದು ನಮ್ಮ ಬೀದಿಯಲ್ಲಿ ಒಬ್ಬರಿಗೇ ಗೊತ್ತಿತ್ತು. ಅವರು ಅದನ್ನು ಹೆಸರಿಟ್ಟು ಕರೆದಿದ್ದರು.

ಅವರು ಮತ್ತೆ ಮದುವೆಯಾಗಲಿಲ್ಲ. ತುಮಕೂರಿನ ಅಜ್ಜಿ ಆಗಾಗ ಬಂದು ತಿಂಗಳುಗಟ್ಟಲೆ ಇದ್ದು ಹೋಗುತ್ತಿದ್ದರು. ಗೌರಿ ಓದಿದಳು, ಕೆಲಸಕ್ಕೆ ಸೇರಿದಳು, ಮದುವೆಯಾದಳು. ನಾಗರಬಾವಿಯಲ್ಲಿ ಅವಳು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ನಾನು ಹೋದಾಗ, ಎಂಬತ್ತರ ಹತ್ತಿರದ ಆ ಮನುಷ್ಯ ಹಾಲು ಉಕ್ಕುವ ಹೊತ್ತಿಗೆ ಒಂದು ಬಕೆಟ್ಟು ನೀರು ಹಿಡಿದು ಒಲೆಯ ಪಕ್ಕದಲ್ಲೇ ನಿಂತಿದ್ದರು. ನೆಂಟರೆಲ್ಲ ನಕ್ಕರು. ನಾನು ನಗಲಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ, ಕಾಫಿ ಡಿಕಾಕ್ಷನ್ನಿಗೆ ನೀರು ಇಡುತ್ತಿದ್ದಾಗ ಫೋನು ಬಂತು. ಗೌರಿ. ಅವಳ ಗಂಡ ಊರಲ್ಲಿರಲಿಲ್ಲ, ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಅವಳ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ.

“ಆಂಟಿ, ಅಪ್ಪ ಏಳ್ಲಿಲ್ಲ. ಅಲ್ಲಾಡಿಸ್ದೆ. ಜೋರಾಗಿ ಕೂಗ್ದೆ. ಮೂಗಿನ ಹತ್ರ ಕೈ ಇಟ್ಟು ನೋಡ್ದೆ. ನೀವು ಬನ್ನಿ.”

ಸ್ಟೋವ್ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಆಟೋ ಹಿಡಿದು ನಾಗರಬಾವಿಗೆ ಹೊರಟೆ. ಅವರ ಮನೆಯ ಮುಂದೆ ಇಳಿದಾಗ ಗೌರಿ ಗೇಟಿನಲ್ಲೇ ನಿಂತಿದ್ದಳು. ಐವತ್ತು ದಾಟಿದ ಹೆಂಗಸು, ಕೂದಲು ನನ್ನಷ್ಟೇ ಬೆಳ್ಳಗಾಗಿದೆ. ಮಲಗಿ ಎದ್ದ ಸೀರೆಯಲ್ಲೇ ಇದ್ದಳು, ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಳು. ಕಣ್ಣು ಒಣಗಿತ್ತು. ನಾನು ಗೇಟು ತೆಗೆದು ಒಳಗೆ ಬರುವುದನ್ನೇ ನೋಡುತ್ತಿದ್ದಳು.

“ಬಂದೆ ಕಣೇ” ಎಂದೆ.

ಆಮೇಲೆ ಅವಳು ಅತ್ತಳು.